ಸಾರ್ವಜನಿಕ ಹಿತದ ಲೆಕ್ಕದಲ್ಲಿ ಯಾರ ಹೆಸರು ಬಿಟ್ಟುಹೋಗುತ್ತದೆ?

ಪ್ರಶ್ನೆ: ಹಳೇಪುಟ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕಾನೂನು ಬಲ್ಲವರು, ವಿಜ್ಞಾನ ಓದಿದವರು ಇದ್ದೀರಿ ಅನ್ನುವ ಧೈರ್ಯದ ಮೇಲೆ ಕೇಳುತ್ತಿದ್ದೇನೆ.

ನನ್ನ ಭಾವ ಸಿಕ್ಕಾಗಲೆಲ್ಲ ನಮ್ಮಿಬ್ಬರಿಗೂ ಒಂದೇ ಜಗಳ. ಅವರ ವಾದ ಸರಳ. "ಒಬ್ಬೊಬ್ಬರೂ ನನ್ನ ಹಕ್ಕು, ನನ್ನ ಹಕ್ಕು ಅಂತ ಕೂತರೆ ಭೂಮಿ ಉಳಿಯಲ್ಲ. ಪರಿಸರ ಬೇಕು ಅಂದ್ರೆ ಸ್ವಾತಂತ್ರ್ಯ ಸ್ವಲ್ಪ ಕಟ್ಟಿಡಬೇಕು." ಕೇಳಲು ನ್ಯಾಯವಾಗಿಯೇ ಇದೆ. ಆದರೆ ನಾನು ಇತಿಹಾಸದ ಹುಚ್ಚಿ, ಹಾಗಾಗಿ ತಲೆಯಾಡಿಸಲು ಆಗುತ್ತಿಲ್ಲ.

ಕಾಡು ಕಾಯುತ್ತೇವೆ ಅಂತ ಹೊರಟವರ ಹಳೇ ಕಥೆ ನೋಡಿ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆ ತನ್ನ ಬೇಟೆಗಾಗಿ ದೊಡ್ಡ ದೊಡ್ಡ ಸೀಮೆಗಳನ್ನು ರಾಜನ ಕಾಡು ಎಂದು ಸಾರಿಬಿಟ್ಟ. ಜಿಂಕೆ ರಾಜನದು. ಜಿಂಕೆ ಮೇಯುವ ಹುಲ್ಲು, ಅಡಗುವ ಪೊದೆ ಎಲ್ಲವೂ ಅವನ ಕಾನೂನಿನ ಕೆಳಗೆ. ಅಜ್ಜ ಮುತ್ತಜ್ಜನ ಕಾಲದಿಂದ ಅಲ್ಲೇ ಸೌದೆ ಆರಿಸುತ್ತಿದ್ದವರು ಕಳ್ಳರಾದರು. ಮುಂದೆ ಬಹಳ ಗಲಾಟೆಯಾಗಿ 1217ರಲ್ಲಿ ಅರಣ್ಯ ಸನ್ನದು ಬಂತು. ಸ್ವತಂತ್ರ ಪ್ರಜೆಗಳು ತಮ್ಮ ಹಂದಿಗಳನ್ನು ಕಾಡಿಗೆ ಅಟ್ಟಬಹುದು, ಜಿಂಕೆ ಕೊಂದರು ಅಂತ ಯಾರ ಪ್ರಾಣವನ್ನೂ ಕೈಕಾಲನ್ನೂ ತೆಗೆಯುವಂತಿಲ್ಲ ಅಂತೆಲ್ಲ ಬರೆದರು. ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಎಲ್ಲರಿಗೂ ಗೊತ್ತು, ಬಡವರ ಒಲೆಗೆ ಹತ್ತಿರವಾಗಿದ್ದ ಈ ಸನ್ನದನ್ನು ಕೇಳಿದವರೇ ಕಡಿಮೆ! ಅಷ್ಟಾದ ಮೇಲೂ 1723ರಲ್ಲಿ ಅದೇ ದೇಶದ ಸಂಸತ್ತು, ಮುಖಕ್ಕೆ ಮಸಿ ಬಳಿದುಕೊಂಡು ಜಿಂಕೆ ಬೇಟೆಗೆ ಹೋದವರಿಗೆ ಗಲ್ಲು ಎಂದು ಕಾನೂನು ಮಾಡಿತು.

ಅಮೆರಿಕದ್ದೂ ಹೀಗೇ. 1872ರಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಟುಕುಡಿಕ ಎಂಬ ಶೋಶೋನಿ ಜನ ಬೆಟ್ಟದ ಕುರಿ ಬೇಟೆಯಾಡಿಕೊಂಡು ಬದುಕಿದ್ದರು. ಕೆಲವೇ ವರ್ಷಗಳಲ್ಲಿ ಅವರನ್ನು ಹೊರಗೆ ಕಳಿಸಿದರು. ಮೂಲನಿವಾಸಿಗಳು ಬಿಸಿನೀರ ಬುಗ್ಗೆಗಳಿಗೆ ಹೆದರಿ ಅತ್ತ ಸುಳಿಯುತ್ತಲೇ ಇರಲಿಲ್ಲ ಅಂತ ಪ್ರವಾಸಿಗರಿಗೆ ಕಥೆ ಬೇರೆ ಕಟ್ಟಿದರು.

ಪರಿಸರಕ್ಕಾಗಿ ಬಿಟ್ಟುಕೊಡಿ ಅಂದಾಗಲೆಲ್ಲ ಬಿಟ್ಟುಕೊಡಬೇಕಾದವರು ಅದೇ ಜನ ಯಾಕೆ? ಒಬ್ಬ ಮನುಷ್ಯನ ಹಕ್ಕು ಮತ್ತು ಪರಿಸರ ನಿಜಕ್ಕೂ ಎದುರಾಳಿಗಳಾ? ಇಲ್ಲ, ಯಾರೋ ಹಾಗೆ ಎದುರುಬದುರು ನಿಲ್ಲಿಸಿದ್ದಾರಾ? ಭಾವನನ್ನು ಸೋಲಿಸಲು ಕೇಳುತ್ತಿಲ್ಲ. ಸ್ವಲ್ಪ ಅದಕ್ಕೂ ಹೌದು ಅನ್ನಿ.

---

ಉತ್ತರ: ಕಡತಗುಮಾಸ್ತ

ಹಳೇಪುಟ ಮೇಡಂ, ಕೋರ್ಟಿನ ಕಡತಗಳ ನಡುವೆ ಜೀವನ ಕಳೆದವನು ನಾನು. ಒಂದು ಹಂದಿಗೂಡಿನ ಕಥೆಯಿಂದ ಶುರು ಮಾಡುತ್ತೇನೆ.

ವರ್ಷ 1610. ಇಂಗ್ಲೆಂಡಿನ ನಾರ್ಫೋಕ್. ವಿಲಿಯಂ ಆಲ್ಡ್ರೆಡ್ ಎಂಬಾತನ ಮನೆ ಪಕ್ಕ ಥಾಮಸ್ ಬೆಂಟನ್ ಹಂದಿಗೂಡು ಕಟ್ಟಿದ. ನಾತಕ್ಕೆ ಮನೆಯಲ್ಲಿ ಕೂರಲಾಗುತ್ತಿಲ್ಲ. ಆಲ್ಡ್ರೆಡ್ ಕೋರ್ಟಿಗೆ ಹೋದ. ಬೆಂಟನ್ ಕಡೆಯವರ ವಾದ ಏನು ಗೊತ್ತಾ? ಹಂದಿ ಸಾಕುವುದು ಜನರ ಹೊಟ್ಟೆಪಾಡಿಗೆ ಅಗತ್ಯ, ಹಂದಿ ನಾತ ತಡೆಯಲಾರದಷ್ಟು ನಾಜೂಕಿನ ಮೂಗು ಯಾರಿಗೂ ಇರಬಾರದು ಅಂತ! ಈ ವಾದ ನನಗೆ ಬಹಳ ಇಷ್ಟ. ನಾನೂರು ವರ್ಷ ಕಳೆದರೂ ಬದಲಾಗಿಲ್ಲ ನೋಡಿ. ಇವತ್ತು ಹಂದಿ ಇದ್ದ ಜಾಗಕ್ಕೆ ಅಭಿವೃದ್ಧಿ, ಉದ್ಯೋಗ ಅಂತ ಹಾಕಿಕೊಳ್ಳುತ್ತಾರೆ, ಅಷ್ಟೇ.

ಗೆದ್ದದ್ದು ಆಲ್ಡ್ರೆಡ್. ಕಿಟಕಿಯಿಂದ ಕಾಣುವ ಚಂದದ ನೋಟ ಹೋಯಿತು ಅಂದರೆ ಪರಿಹಾರವಿಲ್ಲ, ಅದು ಬರೀ ಸಂತೋಷದ ಮಾತು. ಒಳ್ಳೆ ಗಾಳಿ ಹಾಗಲ್ಲ, ಅದು ಬದುಕಿಗೇ ಬೇಕು. ಕೋರ್ಟಿನ ವಿಂಗಡಣೆ ಸುಮಾರು ಹೀಗಿತ್ತು. ಆಗ 'ಪರಿಸರ ಕಾನೂನು' ಅನ್ನುವುದು ಯಾರ ಕನಸಿನಲ್ಲೂ ಇರಲಿಲ್ಲ. ಗಾಳಿಯನ್ನು ಕಾಪಾಡಿದ್ದು ಒಬ್ಬ ಮನುಷ್ಯನ ಹಕ್ಕು, ಅವನ ಮೂಗು. ನಿಮ್ಮ ಭಾವನವರಿಗೆ ಮೊದಲು ಇದನ್ನು ಹೇಳಿ.

ಕೆಟ್ಟದ್ದು ಕೈಗಾರಿಕೆ ಬಂದ ಮೇಲೆ. 1858ರಲ್ಲಿ ಇಟ್ಟಿಗೆ ಸುಡುವ ಹೊಗೆಯ ಮೊಕದ್ದಮೆಯೊಂದರಲ್ಲಿ, ಸೂಕ್ತವಾದ ಜಾಗದಲ್ಲಿ ಸುಟ್ಟರೆ ಪಕ್ಕದವನು ಕೇಳುವ ಹಾಗಿಲ್ಲ ಎಂಬ ತೀರ್ಪು ಬಂತು. ನಾಲ್ಕೇ ವರ್ಷಕ್ಕೆ, 1862ರಲ್ಲಿ, ಮತ್ತೊಂದು ಇಟ್ಟಿಗೆ ಹೊಗೆಯ ಕೇಸಿನಲ್ಲಿ ಅದನ್ನು ತಳ್ಳಿಹಾಕಿದರು. ಆ ಪೀಠದಲ್ಲಿ ಬ್ರಾಮ್‌ವೆಲ್ ಎಂಬ ನ್ಯಾಯಾಧೀಶರಿದ್ದರು. ಹೊಗೆ ಸಾರ್ವಜನಿಕರ ಹಿತಕ್ಕೆ ಅನ್ನುತ್ತೀರಲ್ಲ, ಆ ಸಾರ್ವಜನಿಕರು ಅಂದರೆ ಒಬ್ಬೊಬ್ಬ ಮನುಷ್ಯ ಸೇರಿಯೇ ಆದದ್ದು ಅಲ್ವಾ ಅಂತ ಅವರು ಹಿಡಿದುಕೊಂಡರು. ಲಾಭ ನಷ್ಟ ಎಲ್ಲವೂ ಒಬ್ಬನದೇ ಆಗಿದ್ದರೆ ಅವನಿಗೆ ಕೊನೆಗೆ ಲಾಭ ಉಳಿಯುತ್ತಿತ್ತಾ? ಉಳಿಯುತ್ತದೆ ಅಂದರೆ ಆ ಲಾಭದಲ್ಲೇ ನಷ್ಟವಾದವನಿಗೆ ತುಂಬಿಕೊಡಿ. ತುಂಬಿಕೊಡಲು ಸಾಲದು ಅಂದರೆ ಅದು ಸಾರ್ವಜನಿಕ ಹಿತವೇ ಅಲ್ಲ. ರೈಲಿನ ಕಿಡಿಗೆ ಕಾಡು ಸುಡುವ ಉದಾಹರಣೆಯನ್ನೂ ಅವರೇ ಕೊಟ್ಟರು. ಪರಿಸರದ ಬಗ್ಗೆ ಎಷ್ಟೋ ದೊಡ್ಡ ಭಾಷಣ ಕೇಳಿದ್ದೇನೆ, ಇಷ್ಟು ನೇರವಾದ ಲೆಕ್ಕ ಇನ್ನೆಲ್ಲೂ ಸಿಕ್ಕಿಲ್ಲ.

ಅದೇ ಜನ ಯಾಕೆ ಅಂತ ಕೇಳಿದಿರಿ. 1879ರ ಇನ್ನೊಂದು ತೀರ್ಪಿನಲ್ಲಿ ಅದಕ್ಕೆ ಉತ್ತರ ಇದೆ. ಬೆಲ್‌ಗ್ರೇವ್ ಸ್ಕ್ವೇರ್‌ನಲ್ಲಿ ಉಪದ್ರವ ಅನ್ನಿಸಿದ್ದು ಬರ್ಮಂಡ್ಸೆಯಲ್ಲೂ ಉಪದ್ರವವೇ ಆಗಬೇಕೆಂದಿಲ್ಲ ಅಂತ ನ್ಯಾಯಾಧೀಶರು ಬರೆದರು. ಮೊದಲನೆಯದು ಲಂಡನ್ನಿನ ಸಿರಿವಂತರ ಕೇರಿ. ಎರಡನೆಯದು ಚರ್ಮ ಹದ ಮಾಡುವವರ ಕೇರಿ. ನಾತ ಇದ್ದಲ್ಲಿ ಇನ್ನಷ್ಟು ನಾತ ಬಂದರೆ ಏನಾಯಿತು ಅನ್ನುವ ಧಾಟಿ. ಒಮ್ಮೆ ಹಾಳಾದ ಕಡೆಗೇ ಮುಂದಿನ ಕಾರ್ಖಾನೆಯೂ ಹೋಗುತ್ತದೆ. ಅಲ್ಲಿರುವವರು ಬಾಡಿಗೆ ಕಡಿಮೆ ಅಂತಲೇ ಅಲ್ಲಿರುತ್ತಾರೆ.

ಕೊನೆಗೆ ಒಂದು. 1970ರಲ್ಲಿ ನ್ಯೂಯಾರ್ಕ್ ರಾಜ್ಯದ ಮೇಲಿನ ಕೋರ್ಟಿನಲ್ಲಿ ಸಿಮೆಂಟ್ ಕಾರ್ಖಾನೆಯ ಧೂಳು ತಿಂದ ನೆರೆಯವರ ಕೇಸು ಬಂತು. ಧೂಳು ನಿಜ, ಹಾನಿ ನಿಜ ಅಂತ ಕೋರ್ಟು ಒಪ್ಪಿತು. ಆದರೆ ಕಾರ್ಖಾನೆಗೆ 4.5 ಕೋಟಿ ಡಾಲರಿಗೂ ಜಾಸ್ತಿ ಹೂಡಿದ್ದಾರೆ, ಮುನ್ನೂರಕ್ಕೂ ಹೆಚ್ಚು ಜನ ಕೆಲಸ ಮಾಡುತ್ತಿದ್ದಾರೆ. ನೆರೆಯವರ ಒಟ್ಟು ಶಾಶ್ವತ ನಷ್ಟ 1,85,000 ಡಾಲರ್ ಅಂತ ಲೆಕ್ಕ ಹಾಕಿ, ಅಷ್ಟು ಕೊಟ್ಟುಬಿಟ್ಟರೆ ಕಾರ್ಖಾನೆ ನಡೆಯಲಿ ಅಂದರು. ಒಬ್ಬ ನ್ಯಾಯಾಧೀಶರು ಮಾತ್ರ ಒಪ್ಪಲಿಲ್ಲ. ಇದು ತಪ್ಪು ಮಾಡುತ್ತಲೇ ಇರಲು ಲೈಸೆನ್ಸ್ ಕೊಟ್ಟ ಹಾಗೆ ಅಂತ ಭಿನ್ನ ತೀರ್ಪು ಬರೆದರು. ನನ್ನ ಮತವೂ ಅವರಿಗೇ. ಒಮ್ಮೆ ದುಡ್ಡು ಕೊಟ್ಟು ಬಾಯಿ ಮುಚ್ಚಿಸಿದ ಮೇಲೆ ಧೂಳು ಕಡಿಮೆ ಮಾಡುವ ದರ್ದು ಯಾರಿಗಿರುತ್ತದೆ?

---

ಉತ್ತರ: ಸೀಸದಕಡ್ಡಿ

ಗುಮಾಸ್ತರೇ, ಕಥೆ ಚೆನ್ನಾಗಿದೆ. ಆದರೆ ಪಕ್ಕದಲ್ಲಿ ಒಬ್ಬ ಬೆಂಟನ್ ಇದ್ದಾಗ ಮಾತ್ರ ನಿಮ್ಮ ಮದ್ದು ಕೆಲಸ ಮಾಡುತ್ತದೆ. ನಾನು ಗ್ಯಾರೇಜಿನವನು, ನನ್ನ ಉದಾಹರಣೆ ಪೆಟ್ರೋಲ್.

1921ರಲ್ಲಿ ಜನರಲ್ ಮೋಟಾರ್ಸ್ ಲ್ಯಾಬಿನಲ್ಲಿ ಥಾಮಸ್ ಮಿಡ್ಜ್‌ಲಿ ಒಂದು ವಿಷಯ ಕಂಡುಹಿಡಿದ. ಪೆಟ್ರೋಲಿಗೆ ಸೀಸದ ಸಂಯುಕ್ತ ಹಾಕಿದರೆ ಎಂಜಿನ್ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿಗೆ ಉರಿದು ಎಂಜಿನ್ ಕಟಕಟ ಬಡಿಯುವುದು) ನಿಲ್ಲುತ್ತದೆ ಅಂತ. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ನ್ಯೂಜೆರ್ಸಿಯ ರಿಫೈನರಿಯೊಂದರಲ್ಲಿ ಕಾರ್ಮಿಕರಿಗೆ ಹುಚ್ಚು ಹಿಡಿದಂತಾಗಿ ಐದು ಜನ ಸತ್ತರು. ಮರುವರ್ಷ ದೊಡ್ಡ ಸಭೆ ನಡೆಯಿತು. ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಇದು ಬೇಡ ಅಂತ ಎದುರು ನಿಂತರು. ಯಾರೂ ಕೇಳಲಿಲ್ಲ. ಮುಂದೆ ದಶಕಗಟ್ಟಲೆ ಲೋಕದ ಎಲ್ಲ ಸೈಲೆನ್ಸರ್‌ಗಳಿಂದ ಸೀಸ ಹೊರಬಂತು.

ಈಗ ಹೇಳಿ, ರಸ್ತೆ ಬದಿಯ ಮನೆಯ ಮಗುವಿನ ರಕ್ತದಲ್ಲಿ ಸೀಸ ಇದ್ದರೆ ಯಾರ ಮೇಲೆ ಕೇಸು ಹಾಕುತ್ತೀರಿ? ನಿನ್ನೆ ಹೋದ ಕೆಂಪು ಕಾರಿನ ಮೇಲಾ? ಭೂಮಿಯ ವಯಸ್ಸು ಅಳೆಯಲು ಹೊರಟಿದ್ದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್‌ಗೆ ಎಲ್ಲಿ ಮುಟ್ಟಿದರೂ ಸೀಸ. ಲ್ಯಾಬಿನ ಗಾಳಿಯಲ್ಲಿ, ಧೂಳಿನಲ್ಲಿ. ಅದು ನಮ್ಮದೇ ಕೊಳೆ ಅಂತ ಅವರು 1965ರಲ್ಲಿ ಬರೆದಾಗ ಸಂಶೋಧನೆಗೆ ಹಣ ಕೊಡುತ್ತಿದ್ದವರು ಮುಖ ತಿರುಗಿಸಿದರು. ಕಡೆಗೂ ಕೆಲಸ ಆಗಿದ್ದು ನಿಷೇಧದಿಂದಲೇ. ಒಂದೊಂದೇ ದೇಶ ನಿಲ್ಲಿಸುತ್ತಾ ಬಂದು, ರಸ್ತೆ ವಾಹನಕ್ಕೆ ಸೀಸದ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ 2021ರಲ್ಲಿ ಬಿಟ್ಟಿತು.

ಇನ್ನೊಂದು ವಿಷಯ, ನಮ್ಮ ಕಸುಬಿನವರಿಗೆ ಗೊತ್ತಿರುವುದು. ಅಮೆರಿಕದಲ್ಲಿ ಸೀಸವಿಲ್ಲದ ಪೆಟ್ರೋಲ್ ಬಂಕ್‌ಗೆ ಬಂದದ್ದಕ್ಕೆ ದೊಡ್ಡ ಕಾರಣ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಸಾಧನ. 1975ರ ಮಾಡೆಲ್ ಕಾರುಗಳಿಗೆ ಅದು ಬಂತು. ಸೀಸ ಅದರೊಳಗಿನ ಲೇಪನವನ್ನು ಮುಚ್ಚಿ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಮಗುವಿನ ಮೆದುಳಿಗಿಂತ ಕನ್ವರ್ಟರ್‌ಗೆ ವಕೀಲರು ಜಾಸ್ತಿ ಇದ್ದರು ಅಂದುಕೊಳ್ಳಿ! ಹಳೇ ಎಂಜಿನ್‌ಗಳ ವಾಲ್ವ್ ಸೀಟ್, ಅಂದರೆ ವಾಲ್ವ್ ಬಂದು ಕೂರುವ ಅಂಚು, ಸೀಸ ಇಲ್ಲದಿದ್ದರೆ ಸವೆದು ಹೋಗುತ್ತದೆ ಅಂತ ಎಲ್ಲರೂ ಗೋಳಾಡಿದರು. ಗಟ್ಟಿ ಸೀಟ್ ಹಾಕಿದರು, ಮುಗಿಯಿತು. ಯಾರ ಗಾಡಿ ಓಡಿಸುವ ಹಕ್ಕೂ ಹೋಗಲಿಲ್ಲ.

ನಾನು ಭಾವನ ಪಕ್ಷ. ಕೆಲವು ಕಡೆ ಎಲ್ಲರಿಗೂ ಒಟ್ಟಿಗೆ ಬೇಡ ಅನ್ನಲೇಬೇಕು.

---

ಉತ್ತರ: ಮೇವುಗಾರ

ಇದರ ಮಧ್ಯೆ ಒಂದು ದಾರಿ ಇದೆ, ಚಿಕ್ಕದಾಗಿ ಹೇಳುತ್ತೇನೆ.

ಎಲ್ಲರಿಗೂ ತೆರೆದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ, ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾನೆ ಅಂತ 1968ರಲ್ಲಿ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಬರೆದರು. ಭಾವನವರ ವಾದದ ಬೇರು ಅಲ್ಲೇ ಇದೆ. ಸಂಶೋಧಕಿ ಎಲಿನಾರ್ ಓಸ್ಟ್ರಮ್ ಮಾತ್ರ ನಿಜವಾದ ಹುಲ್ಲುಗಾವಲು, ಕಾಲುವೆ, ಮೀನುಗಾರಿಕೆಗಳನ್ನು ನೋಡಿಕೊಂಡು ಬಂದು 1990ರಲ್ಲಿ ಬೇರೆಯದೇ ಹೇಳಿದರು, ಬಳಸುವವರೇ ನಿಯಮ ಮಾಡಿಕೊಂಡು ಉಳಿಸಿಕೊಳ್ಳಬಲ್ಲರು ಅಂತ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಅವರು ಕೊಡುವ ಒಂದು ಉದಾಹರಣೆ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿ. 1517ರ ಅಲ್ಲಿನ ನಿಯಮ ಹೀಗೆ: ಚಳಿಗಾಲದಲ್ಲಿ ನಿನ್ನ ಸ್ವಂತ ಮೇವಿನಿಂದ ಎಷ್ಟು ದನ ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಊರ ಹುಲ್ಲುಗಾವಲಿಗೆ ಬಿಡಬೇಕು. ಲೆಕ್ಕ ಸುಲಭ, ಮೋಸ ಕಷ್ಟ. ಹೆಚ್ಚು ಬಿಟ್ಟವನಿಗೆ ದಂಡ. ರಾಜನೂ ಬೇಕಾಗಲಿಲ್ಲ, ಪ್ರತಿಯೊಬ್ಬನಿಗೂ ತುಂಡು ತುಂಡು ಮಾಡಿ ಹಂಚಲೂ ಇಲ್ಲ.

---

ಹಳೇಪುಟ

ಮೇವುಗಾರರೇ, ಟೋರ್ಬೆಲ್ ನನಗೂ ಇಷ್ಟ. ಆದರೆ ಅದರ ಇನ್ನೊಂದು ಮಗ್ಗುಲು ನೀವು ಹೇಳಲಿಲ್ಲ. ಹೊರಗಿನವನು ಬಂದು ಅಲ್ಲಿ ಜಮೀನು ಕೊಂಡರೂ ಊರ ಹುಲ್ಲುಗಾವಲಿನ ಮೇಲೆ ಅವನಿಗೆ ಹಕ್ಕಿಲ್ಲ ಅಂತ 1483ರಲ್ಲೇ ಬರೆದುಕೊಂಡಿದ್ದರು. ಒಳಗಿನವರಿಗೆ ಒಳ್ಳೆಯ ನಿಯಮ, ಹೊರಗಿನವನಿಗೆ ಬೇಲಿ. ಹುಲ್ಲು ಉಳಿದದ್ದಕ್ಕೆ ಆ ಬೇಲಿಯೂ ಒಂದು ಕಾರಣ ಅಂತ ಓಸ್ಟ್ರಮ್ ಅವರೇ ಒಪ್ಪುತ್ತಾರೆ. ಇದು ನನಗೆ ಜೀರ್ಣವಾಗಿಲ್ಲ, ಆದರೂ ನಿಜ.

ಸೀಸದಕಡ್ಡಿ ಅಣ್ಣ, ನಿಷೇಧ ಬೇಕಿತ್ತು, ಒಪ್ಪಿದೆ. ನನ್ನ ತಕರಾರು ತಡವಾದದ್ದರ ಬಗ್ಗೆ. 1925ರಲ್ಲೇ ಹ್ಯಾಮಿಲ್ಟನ್ ಹೇಳಿದ್ದರು. ನೂರು ವರ್ಷ ಹತ್ತಿರ ಹತ್ತಿರ ಸುಮ್ಮನಿದ್ದದ್ದು ಯಾರೋ ಹಕ್ಕು ಹಕ್ಕು ಅಂತ ಕೂಗಿದ್ದಕ್ಕಾ? ಕೂಗಬೇಕಾದವರಿಗೆ ವಿಷಯವೇ ತಲುಪಲಿಲ್ಲ.

---

ಉತ್ತರ: ಬಾಟಲಿತೊಳೆಯುವವಳು

ಹಳೇಪುಟ ಅಕ್ಕ, ವಿಷಯ ತಲುಪಲಿಲ್ಲ ಅಂದಿರಲ್ಲ, ಅದೇ ನನ್ನ ಕ್ಷೇತ್ರ. ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇದ್ದವಳು ನಾನು. ಪಾದರಸ ಹುಡುಕುವ ಬಾಟಲಿಯನ್ನು ಆಸಿಡ್‌ನಲ್ಲಿ ತೊಳೆಯಬೇಕು, ಸ್ಯಾಂಪಲ್‌ಗೂ ಆಸಿಡ್ ಸೇರಿಸಬೇಕು. ಇಲ್ಲದಿದ್ದರೆ ಪಾದರಸ ಬಾಟಲಿ ಗೋಡೆಗೆ ಅಂಟಿಕೊಂಡು ನೀರು ಶುದ್ಧ ಅಂತ ರಿಪೋರ್ಟ್ ಬರುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಸ್ಯಾಂಪಲ್ ಎಲ್ಲಿಂದ ತುಂಬಿದರು ಅನ್ನುವುದು. ಅದನ್ನು ಹೇಳುವವರು ಸಾಮಾನ್ಯವಾಗಿ ದುಡ್ಡು ಕೊಟ್ಟವರು. ರಿಪೋರ್ಟ್ ಕೂಡ ಅವರದೇ.

ಜಪಾನಿನ ಮಿನಮಾಟ ನೆನಪಿಸಿಕೊಳ್ಳಿ. ಚಿಸ್ಸೊ ಕಂಪನಿ ಅಸೆಟಾಲ್ಡಿಹೈಡ್ ಎಂಬ ರಾಸಾಯನಿಕ ತಯಾರಿಸಿ ಪಾದರಸ ಸೇರಿದ ತ್ಯಾಜ್ಯವನ್ನು ಕೊಲ್ಲಿಗೆ ಬಿಡುತ್ತಿತ್ತು, ಅಲ್ಲಿನ ಮೀನು ತಿಂದವರ ಮೈಗೆ ಅದು ಸೇರುತ್ತಿತ್ತು. 1956ರ ಮೇ 1ರಂದು ಅದೇ ಕಾರ್ಖಾನೆಯ ಆಸ್ಪತ್ರೆಯ ಮುಖ್ಯಸ್ಥ ಹೊಸೊಕವಾ ಹಜಿಮೆ, ನರಮಂಡಲದ ಗುರುತು ಸಿಗದ ಕಾಯಿಲೆ ಹಬ್ಬುತ್ತಿದೆ ಅಂತ ಆರೋಗ್ಯ ಇಲಾಖೆಗೆ ತಿಳಿಸಿದರು. 1958ರಲ್ಲಿ ಕಂಪನಿ ತ್ಯಾಜ್ಯದ ಬಾಯಿಯನ್ನು ಬಂದರಿನಿಂದ ನದಿ ಮುಖಕ್ಕೆ ತಿರುಗಿಸಿತು. ಕಾಯಿಲೆಯೂ ಹಿಂದೆಯೇ ಹೊಸ ಹಳ್ಳಿಗಳಿಗೆ ಹೋಯಿತು. ಇದಕ್ಕಿಂತ ಸಾಕ್ಷಿ ಬೇಕಾ?

ಹೊಸೊಕವಾ ಬೆಕ್ಕುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. 400ನೇ ನಂಬರಿನ ಬೆಕ್ಕಿಗೆ ಕಾರ್ಖಾನೆಯ ಅಸೆಟಾಲ್ಡಿಹೈಡ್ ವಿಭಾಗದ ತ್ಯಾಜ್ಯ ನೀರನ್ನೇ ಆಹಾರಕ್ಕೆ ಬೆರೆಸಿ ಕೊಟ್ಟರು. 1959ರ ಅಕ್ಟೋಬರಿನಲ್ಲಿ ಆ ಬೆಕ್ಕು ರೋಗಿಗಳ ಹಾಗೆಯೇ ಸೆಳೆತ ಬಂದು ಒದ್ದಾಡಿತು. ಕಂಪನಿ ಫಲಿತಾಂಶ ಮುಚ್ಚಿಟ್ಟಿತು. ವೈದ್ಯರ ಬಾಯಿಗೂ ಬೀಗ.

ಗುಮಾಸ್ತರು ಹೇಳಿದ 'ದುಡ್ಡು ಕೊಟ್ಟು ಬಾಯಿ ಮುಚ್ಚಿಸುವುದು' ಇಲ್ಲಿ ಬರುತ್ತದೆ. ಬೆಕ್ಕಿನ ವಿಷಯ ಗೊತ್ತಾಗಿ ಮೂರು ತಿಂಗಳೂ ಆಗಿಲ್ಲ, ಡಿಸೆಂಬರ್ 30ಕ್ಕೆ ಕಂಪನಿ ರೋಗಿಗಳ ಕುಟುಂಬಗಳ ಹತ್ತಿರ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. ಅದನ್ನು ಪರಿಹಾರ ಅನ್ನಲಿಲ್ಲ, ಸಹಾನುಭೂತಿಯ ಹಣ ಅಂದರು. ಕಾಯಿಲೆ ಬಿದ್ದ ಮಗುವಿಗೆ ವರ್ಷಕ್ಕೆ 30,000 ಯೆನ್. ಜೊತೆಗೆ ಒಂದು ಷರತ್ತು: ಮುಂದೆ ಕಾರ್ಖಾನೆಯ ತ್ಯಾಜ್ಯವೇ ಕಾರಣ ಅಂತ ಸಾಬೀತಾದರೂ ಹೊಸದಾಗಿ ಏನೂ ಕೇಳುವಂತಿಲ್ಲ. ಕಾರಣ ತಮಗೆ ಗೊತ್ತಿದ್ದೂ ಬರೆಸಿಕೊಂಡ ಷರತ್ತು ಅದು. ಮೀನು ಹಿಡಿಯುವುದೂ ನಿಂತು, ಮನೆಯಲ್ಲಿ ರೋಗಿಗಳನ್ನು ಇಟ್ಟುಕೊಂಡವರು ಸಹಿ ಹಾಕದೆ ಇನ್ನೇನು ಮಾಡುತ್ತಾರೆ? ಊರಿನಲ್ಲೂ ಅವರ ಪರ ಜನ ಇರಲಿಲ್ಲ. ಊರು ನಡೆಯುತ್ತಿದ್ದದ್ದೇ ಕಾರ್ಖಾನೆಯಿಂದ. 'ಸಾರ್ವಜನಿಕ ಹಿತ'ಕ್ಕೆ ಅಡ್ಡ ಬಂದವರು ಅಂದರೆ ಈ ರೋಗಿಗಳೇ!

ತ್ಯಾಜ್ಯ ನಿಂತದ್ದು 1968ರಲ್ಲಿ, ಆ ತಯಾರಿಕೆಯೇ ಹಳತಾಗಿ ಕಂಪನಿ ಅದನ್ನು ಕೈಬಿಟ್ಟ ಮೇಲೆ. ಸರ್ಕಾರ ಕಾರಣ ಒಪ್ಪಿಕೊಂಡದ್ದು ಅದಾಗಿ ಕೆಲವು ತಿಂಗಳಿಗೆ. 1970ರಲ್ಲಿ ಕ್ಯಾನ್ಸರ್‌ನಿಂದ ಮಲಗಿದ್ದ ಹೊಸೊಕವಾ ಆಸ್ಪತ್ರೆ ಹಾಸಿಗೆಯಿಂದಲೇ ಬೆಕ್ಕಿನ ಪ್ರಯೋಗದ ಸಾಕ್ಷಿ ನುಡಿದರು. 1973ರ ಮಾರ್ಚಿನಲ್ಲಿ ಕುಮಾಮೊಟೊ ಕೋರ್ಟು ರೋಗಿಗಳ ಪರ ತೀರ್ಪು ಕೊಟ್ಟಿತು. ಆ ಒಪ್ಪಂದ ನೀತಿಗೆ ವಿರುದ್ಧ, ಊರ್ಜಿತವೇ ಅಲ್ಲ ಅಂತಲೂ ಹೇಳಿತು.

ಸೀಸದಕಡ್ಡಿಯವರೇ, ನಿಮ್ಮ ನಿಷೇಧ ಬೇಕು. ಆದರೆ ನಿಷೇಧ ಮಾಡಲು ಬೆಕ್ಕಿನ ವಿಷಯ ಹೊರಗೆ ಬರಬೇಕು. 1998ರ ಆರ್ಹಸ್ ಒಪ್ಪಂದ ಯುರೋಪಿನ ಕಡೆ ಈ ದಾರಿ ಹಿಡಿಯಿತು. ಪರಿಸರದ ಮಾಹಿತಿ ಕೇಳುವ ಹಕ್ಕು, ತೀರ್ಮಾನದಲ್ಲಿ ಮಾತಾಡುವ ಹಕ್ಕು, ಕೋರ್ಟಿಗೆ ಹೋಗುವ ಹಕ್ಕು. ಮಾಹಿತಿ ಕೇಳಲು ಕಾರಣವನ್ನೂ ಕೊಡಬೇಕಿಲ್ಲ. ನನ್ನನ್ನು ಕೇಳಿದರೆ ಮೂರರಲ್ಲಿ ಮೊದಲನೆಯದೇ ದೊಡ್ಡದು. ರಿಪೋರ್ಟ್ ಬರೆದು ಬೀರುವಿನಲ್ಲಿ ಇಟ್ಟವಳ ಮಾತು ಇದು.

---

ಉತ್ತರ: ಸೀಸದಕಡ್ಡಿ

ಮೇಡಂ, 400ನೇ ಬೆಕ್ಕಿನ ವಿಷಯ ಗೊತ್ತಿರಲಿಲ್ಲ. ಆ ಷರತ್ತು ಓದಿ ಮೈ ಉರಿಯಿತು. ಆದರೂ ನನ್ನ ಪ್ರಶ್ನೆ ಹಾಗೇ ಉಳಿದಿದೆ. ಚಿಸ್ಸೊಗೆ ವಿಳಾಸ ಇತ್ತು. ಹವಾಮಾನ ಕೆಡಿಸಿದ್ದಕ್ಕೆ ಯಾರ ವಿಳಾಸ? ಹೊಗೆ ಎಲ್ಲರದೂ, ಬಿಸಿಯೂ ಎಲ್ಲರಿಗೂ.

---

ಹಳೇಪುಟ

ಇದನ್ನೆಲ್ಲ ಭಾವನಿಗೆ ಕಳಿಸಿದ್ದೆ. ಅವರೂ ಇದನ್ನೇ ಹಿಡಿದುಕೊಂಡಿದ್ದಾರೆ. "ಹಂದಿಗೂಡಿಗೆ ಗೋಡೆ ಇತ್ತಮ್ಮ, ಆಕಾಶಕ್ಕೆ ಎಲ್ಲಿದೆ?" ಅಂತ. ಗುಮಾಸ್ತರು ಏನನ್ನುತ್ತೀರಿ?

---

ಉತ್ತರ: ಕಡತಗುಮಾಸ್ತ

ಭಾವ ಚುರುಕಿದ್ದಾರೆ. ಇದಕ್ಕೆ ಸಿಕ್ಕಿರುವುದು ಅರ್ಧ ಉತ್ತರ.

2024ರ ಏಪ್ರಿಲ್ 9ರಂದು ಯುರೋಪಿನ ಮಾನವ ಹಕ್ಕುಗಳ ಕೋರ್ಟು ಸ್ವಿಟ್ಜರ್ಲೆಂಡಿನ ಹಿರಿಯ ಮಹಿಳೆಯರ ಕೇಸಿನ ತೀರ್ಪು ಕೊಟ್ಟಿತು. ಬಿಸಿಗಾಳಿಗೆ ವಯಸ್ಸಾದ ಹೆಂಗಸರು ಜಾಸ್ತಿ ಸಾಯುತ್ತಾರೆ, ಸರ್ಕಾರ ಮಾಡಬೇಕಾದ್ದು ಮಾಡುತ್ತಿಲ್ಲ ಎಂಬುದು ಅವರ ದೂರು. ಕೇಸು ಹಾಕಿದವರು ಒಂದು ಸಂಘ ಮತ್ತು ನಾಲ್ಕು ಜನ ಮಹಿಳೆಯರು. ಆ ನಾಲ್ವರ ಅರ್ಜಿಯನ್ನು ಕೋರ್ಟು ಒಳಗೇ ಬಿಡಲಿಲ್ಲ. ಎಲ್ಲರಿಗೂ ಬಿಸಿ ತಾಗುತ್ತಿರುವಾಗ ನಿಮಗೇ ವಿಶೇಷವಾಗಿ ಎಷ್ಟು ತಾಗಿತು ಅಂತ ಬಹಳ ಕಠಿಣವಾಗಿ ಅಳೆಯಿತು. ಸಂಘದ ಅರ್ಜಿಯನ್ನು ಮಾತ್ರ ಒಪ್ಪಿತು. ಖಾಸಗಿ ಬದುಕಿನ ಹಕ್ಕು ಮುರಿದಿದೆ ಅಂತ ತೀರ್ಪು ಬಂತು. 17 ನ್ಯಾಯಾಧೀಶರಲ್ಲಿ ಒಬ್ಬರಿಗೆ ಮಾತ್ರ ಭಿನ್ನಮತ.

ನನಗೆ ಇದು ವಿಚಿತ್ರವಾಗಿ ಕಂಡಿತು. 1610ರಲ್ಲಿ ಒಬ್ಬ ಆಲ್ಡ್ರೆಡ್ ಸಾಕಾಗಿದ್ದ. ಈಗ ಒಬ್ಬೊಬ್ಬರಾಗಿ ಬಂದರೆ ಬಾಗಿಲು ಮುಚ್ಚಿದೆ, ಸೇರಿಕೊಂಡು ಬಂದರೆ ತೆರೆದಿದೆ. ಹಕ್ಕು ಮಾತ್ರ ಒಬ್ಬೊಬ್ಬರದೇ. ಮೇವುಗಾರರ ಹಳ್ಳಿಯೂ ಅದೇ ದೇಶದ್ದು ಅನ್ನುವುದು ಕಾಕತಾಳೀಯ. ತೀರ್ಪು ಬಂದು ಎರಡು ತಿಂಗಳಿಗೆ, ನಾವು ಮಾಡಿದ್ದು ಸಾಕು ಅಂತ ಅಲ್ಲಿನ ಸಂಸತ್ತು ನಿರ್ಣಯ ಮಾಡಿತು ಬಿಡಿ. ಹೆಂಗಸರು ಇನ್ನೂ ಬೆನ್ನು ಬಿಟ್ಟಿಲ್ಲ.

ತೀರ್ಪು ನೂರಾರು ಪುಟ ಇದೆ. ಭಾವನವರಿಗೆ ಓದುವ ಉತ್ಸಾಹ ಇದ್ದರೆ, ಸಂಘಕ್ಕೆ ಕೇಸು ಹಾಕುವ ಅರ್ಹತೆ ಯಾಕೆ ಇದೆ ಎಂಬ ಭಾಗದಿಂದ ಶುರು ಮಾಡಲು ಹೇಳಿ. ಜಗಳಕ್ಕೆ ಬೇಕಾದ್ದೆಲ್ಲ ಅಲ್ಲೇ ಸಿಗುತ್ತದೆ.